ಸೋಲಾಪುರದಲ್ಲಿ ತುಂಬಿದ ಸೆರಗು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಈ ಮಾತನ್ನು ಮೊದಲು ಹೇಳದೆ ಮುಂದಿನದನ್ನು ಬರೆಯಲು ನನ್ನ ಕೈ ಒಪ್ಪುವುದಿಲ್ಲ. ಭೀಮೆಯ ದಂಡೆಯ ಮಣ್ಣೂರಿನಲ್ಲಿ ನಮ್ಮದು ಗಂಡುಮಕ್ಕಳ ಮನೆ ಅಂತಲೇ ಹೆಸರಾದದ್ದು. ನನ್ನ ಅತ್ತೆಗೆ ಹೆಣ್ಣಿಲ್ಲ, ನನಗೆ ಹೆಣ್ಣಿಲ್ಲ, ದೊಡ್ಡ ಮಗನಿಗೂ ನಡುವಿನವನಿಗೂ ಗಂಡುಮಕ್ಕಳೇ. ಸಣ್ಣ ಮಗನ ಹೆಂಡತಿ ಸೋಲಾಪುರದವಳು. ಹೆರಿಗೆಗೆಂದು ತವರಿಗೆ ಹೋದವಳು ಅಲ್ಲಿ ಹೆಣ್ಣು ಹೆತ್ತಳು. ಫೋನು ಬಂದಾಗ ನಾನು ರೊಟ್ಟಿಯ ಹಿಟ್ಟು ನಾದುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಫೋನು ಹಿಡಿದೆ. ಆ ಫೋನಿನ ಸಂದಿನಲ್ಲಿ ಇವತ್ತಿಗೂ ಜೋಳದ ಹಿಟ್ಟಿದೆ. ಮಗ ಒರೆಸಿಕೊಡುತ್ತೇನೆ ಅಂದ. ಇರಲಿ ಬಿಡು ಅಂದೆ.

ತೊಟ್ಟಿಲಿಗೆ ಹಾಕುವ ದಿನ ಹೋಗಿ ಕೂಸನ್ನು ನೋಡಿ ಬಂದಿದ್ದೆ. ಆಗ ಇನ್ನೂ ಕಣ್ಣು ನಿಲ್ಲದ ಕೂಸು. ಈಗ ಅದಕ್ಕೆ ಮೊದಲ ಸಂಕ್ರಾಂತಿ ಬಂತು. ನಮ್ಮ ಕಡೆ ಮೊದಲ ಸಂಕ್ರಾಂತಿಗೆ ಕೂಸಿಗೆ ಕರಿ ಅಂಗಿ ತೊಡಿಸಿ, ಕುಸುರೆಳ್ಳಿನ ಆಭರಣ ಹಾಕಿ, ತಲೆಯ ಮೇಲಿಂದ ಬೋರೆಹಣ್ಣು, ಕಬ್ಬಿನ ಚೂರು, ಚುರುಮುರಿ ಸುರಿಯುತ್ತಾರೆ. ಕರಿ ಎರೆಯುವುದು ಅನ್ನುತ್ತೇವೆ. ಮೊದಲ ಸಂಕ್ರಾಂತಿ ಅಂದರೆ ಒಂದೇ ಸಲ. ಮುಂದಿನ ವರ್ಷ ಬಂಗಾರವನ್ನೇ ಹಾಕಿದರೂ ಅದು ಎರಡನೆಯದು.

ಕುಸುರೆಳ್ಳು ಮಾಡುವುದನ್ನು ನಾನು ಜೇವರ್ಗಿ ಕಡೆಯ ನನ್ನ ತವರಿನಲ್ಲಿ ನನ್ನ ಅವ್ವನಿಂದ ಕಲಿತೆ. ಸಾಲಿ ಎರಡನೆಯ ಇಯತ್ತೆಗೆ ಬಿಟ್ಟೆ, ಇದನ್ನು ಬಿಡಲಿಲ್ಲ. ಎಳ್ಳನ್ನು ತೊಳೆದು, ಸಿಪ್ಪೆ ಹೋಗುವಂತೆ ತಿಕ್ಕಿ, ಒಣಗಿಸಿ, ಅಗಲವಾದ ಪರಾತದಲ್ಲಿ ಹರಡಿ, ಬೂದಿ ಮುಚ್ಚಿದ ಕೆಂಡದ ಮೇಲಿಡಬೇಕು. ಸಕ್ಕರೆಯ ಪಾಕವನ್ನು ಚಮಚದಿಂದ ನಾಲ್ಕಾರು ಹನಿ ಬಿಟ್ಟು, ಬೆರಳಿನಿಂದ ಮೆಲ್ಲಗೆ ಆಡಿಸುತ್ತ ಇರಬೇಕು. ಒಣಗಿತು ಅಂದರೆ ಮತ್ತೆ ನಾಲ್ಕು ಹನಿ. ಅವಸರ ಮಾಡಿದರೆ ಗಂಟಾಗುತ್ತದೆ. ಮಾರ್ಗಶಿರ ಕಳೆದು ಪುಷ್ಯ ಹಿಡಿದಾಗ, ಬೆಳಗಿನ ಚಳಿಯಲ್ಲಿ ಕೂತು ಮಾಡಿದರೆ ಮಾತ್ರ ಒಂದೊಂದು ಕಾಳಿಗೂ ಮೈತುಂಬ ಮುಳ್ಳು ಏಳುತ್ತವೆ. ಮುಳ್ಳು ಬಂದರೆ ಕುಸುರೆಳ್ಳು, ಬರದಿದ್ದರೆ ಬರೀ ಸಕ್ಕರೆ ಗುಂಡು. ಇಷ್ಟು ವರ್ಷ ಊರಿನ ಎಷ್ಟೋ ಮನೆಯ ಹೆಣ್ಣುಕೂಸುಗಳಿಗೆ ನಾನು ಮಾಡಿಕೊಟ್ಟಿದ್ದೇನೆ. ನನ್ನ ಮನೆಯ ಹೆಣ್ಣಿಗೆ ಮಾಡಿದ್ದು ಇದೇ ಮೊದಲು.

ಹಬ್ಬದ ಮುಂಚೆ ಸೋಲಾಪುರದಿಂದ ಬೀಗತಿ ಫೋನು ಮಾಡಿದರು. ಸೊಸೆಯ ತಾಯಿ ಅವರು. ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುವ ಗಟ್ಟಿ ಹೆಣ್ಣುಮಗಳು. ಮಾತೂ ರೊಟ್ಟಿಯ ಹಾಗೆಯೇ, ಮುರಿದರೆ ಟಕ್ ಅನ್ನುತ್ತದೆ.

"ಬೀಗತ್ಯಾರ, ಇಲ್ಲಿ ಅಂಗಡ್ಯಾಗ ಎಲ್ಲಾ ತಯಾರ ಸಿಗ್ತಾವ್ರಿ. ಕಿರೀಟ, ಹಾರ, ತೋಳಬಂದಿ, ಎಲ್ಲಾ ಒಂದ ಡಬ್ಬಿನ್ಯಾಗ ಬರ್ತಾವ. ನೀವ್ಯಾಕ ಸುಮ್ನ ಕೈ ಸುಟ್ಕೋತೀರಿ?"

"ನಮ್ಮ ಮೊಮ್ಮಗಳ ಮೈಮ್ಯಾಲ ಅಂಗಡಿ ಮಾಲ ಬ್ಯಾಡ್ರಿ," ಅಂದೆ ನಾನು. "ಕುಸುರೆಳ್ಳ ನಾ ಮಾಡ್ಕೊಂಡು ಬರ್ತೇನಿ. ಮುಳ್ಳ ಹೆಂಗ ಎದ್ದಿರ್ತಾವ ಕೈ ಹಚ್ಚಿ ನೋಡ್ರಿ."

"ಆತು, ನೋಡೂಣು. ಮುಳ್ಳಿಲ್ಲಂದ್ರ ನಾ ಹಾಕಸಂಗಿಲ್ಲ ನೋಡ್ರಿ ಮತ್ತ."

"ಹಾಕಸಬ್ಯಾಡ್ರಿ," ಅಂದು ಇಟ್ಟೆ.

ಆಮೇಲೆ ದಿನಾ ಕೋಳಿ ಕೂಗುವ ಮುಂಚೆ ಎದ್ದು ಕೂತದ್ದೇ ಕೂತದ್ದು. ಬೆರಳ ತುದಿ ಕೆಂಪಾದವು. ಕಾಳು ಕಾಳಿಗೂ ಮುಳ್ಳು ಎದ್ದವು, ಬೆಳ್ಳಗೆ, ಮಲ್ಲಿಗೆಯ ಮೊಗ್ಗಿಗೆ ಚಳಿ ಹತ್ತಿದ ಹಾಗೆ. ಅಲ್ಲಿಯೇ ಪೋಣಿಸಲಿಲ್ಲ. ಕೂಸಿನ ಅಳತೆ ನೋಡದೆ ಹಾರ ಕಟ್ಟಬಾರದು ಅನ್ನುತ್ತಿದ್ದಳು ನನ್ನ ಅವ್ವ. ಅದಕ್ಕೇ ಕಾಳುಗಳನ್ನು ಹಾಗೇ ಒಂದು ಡಾಲ್ಡಾ ಡಬ್ಬಿಗೆ ತುಂಬಿದೆ. ಅಂಥದೇ ಇನ್ನೊಂದು ಡಬ್ಬಿಗೆ ಹಂಚುವುದಕ್ಕೆ ಎಳ್ಳು-ಬೆಲ್ಲ ತುಂಬಿದೆ. ಎಳ್ಳು, ಬೆಲ್ಲ, ಶೇಂಗಾ, ಒಣಕೊಬ್ಬರಿ ಎಲ್ಲ ಕೂಡಿದ್ದು.

ಭೋಗಿಯ ದಿನ ಬೆಳಿಗ್ಗೆ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಂಡು ಬಸ್ಸು ಹತ್ತಿದೆವು, ನಾನು ಮತ್ತು ನಮ್ಮ ಮಾಲಕರು. ಗಂಡನಿಗೆ ನಮ್ಮ ಕಡೆ ಮಾಲಕರು ಅನ್ನುತ್ತೇವೆ. ಸಣ್ಣ ಮಗನಿಗೆ ಬರಲಾಗಲಿಲ್ಲ. ಹವಳಗಾ ಕಾರ್ಖಾನೆಯಿಂದ ನಮ್ಮ ಕಬ್ಬು ಕಡಿಯುವ ಸರದಿ ಅದೇ ವಾರ ಬಂದಿತ್ತು. ಎಳ್ಳು-ಬೆಲ್ಲದ ಡಬ್ಬಿಯಿದ್ದ ಕೈಚೀಲ ನನ್ನ ಕಾಲ ಬಳಿ ಇತ್ತು. ಕೂಸಿನ ಡಬ್ಬಿಯನ್ನು ಮಾಲಕರ ತೊಡೆಯ ಮೇಲಿಟ್ಟು, "ಗಟ್ಟಿ ಹಿಡಕೋರಿ" ಅಂದೆ. ಅಷ್ಟೇ ಅಂದದ್ದು. ಎಷ್ಟೋ ದಿನದ ನಿದ್ದೆ ಬಾಕಿ ಇತ್ತು. ಊರ ಬೋರ್ಡು ದಾಟುವುದರೊಳಗೆ ಕಿಡಕಿಗೆ ತಲೆ ಹಚ್ಚಿ ಮಲಗಿಬಿಟ್ಟೆ.

ಆಮೇಲೆ ಆದದ್ದನ್ನು ನನಗೆ ಬೇರೆಯವರು ಹೇಳಿದ್ದು. ಮಾಲಕರು ಮೊದಲಿಗೆ ಪಕ್ಕದ ಸೀಟಿನ ಹೆಣ್ಣುಮಗಳಿಗೆ ಸುದ್ದಿ ಹೇಳಿದರಂತೆ. ಆಳಂದದ ಮುಸಲ್ಮಾನರ ಹೆಣ್ಣುಮಗಳು, ನಮ್ಮೂರಲ್ಲಿ ನಾದಿನಿಯ ಮನೆಗೆ ಬಂದು, ಅಲ್ಲಿಂದ ಸೋಲಾಪುರದ ಅಕ್ಕನ ಮನೆಗೆ ಹೊರಟವಳು.

"ನಮಗ ಮೊಮ್ಮಗಳು ಬಂದಾಳ್ರಿ," ಅಂದರಂತೆ.

"ಮುಬಾರಕ್ ರಿ ಕಾಕಾ. ಎಷ್ಟ ದಿನದ ಕೂಸು?"

"ಐದ ತಿಂಗಳ್ದು. ಇದು ಮೊದಲ ಸಂಕ್ರಾಂತಿ. ಹಂಗ ಬಾಯಲೆ ಹೇಳಿದ್ರ ಆಗಂಗಿಲ್ಲ, ಕೈ ಹಿಡೀವಾ."

ಡಬ್ಬಿ ತೆರೆದು ಒಂದು ಚಿಟಿಕೆ ಕೊಟ್ಟರು. ಸಂಕ್ರಾಂತಿಯ ಎಳ್ಳನ್ನು ಒಬ್ಬರಿಗೆ ಕೊಟ್ಟ ಮೇಲೆ ಕಂಡವರಿಗೆಲ್ಲ ಕೊಡಬೇಕು. ಒಬ್ಬರನ್ನು ಬಿಟ್ಟರೆ ಅವರ ಜೊತೆ ಮನಸ್ಸು ಕಹಿ ಅಂತ ಅರ್ಥ. ಹಿಂದಿನ ಸೀಟಿನವರು ನೋಡಿದರು, ಅವರಿಗೆ ಕೊಟ್ಟರು. ಮುಂದಿನವರು ತಿರುಗಿದರು, ಅವರಿಗೂ ಕೊಟ್ಟರು. ಕಂಡಕ್ಟರ್ ಬಂದ, ಡ್ರೈವರಿನ ಪಾಲನ್ನೂ ಇಸಿದುಕೊಂಡು ಹೋದ. ಪ್ರತಿ ಸ್ಟಾಪಿನಲ್ಲಿ ಹತ್ತಿದವರಿಗೆ ಹೊಸದಾಗಿ ಸುದ್ದಿ, ಹೊಸದಾಗಿ ಎಳ್ಳು. ಅಕ್ಕಲಕೋಟೆಯ ಈಚೆ ಕಬ್ಬಿನ ಟ್ರ್ಯಾಕ್ಟರಿನ ಟ್ರಾಲಿಯೊಂದು ತಿರುವಿನಲ್ಲಿ ಮಗುಚಿ ರಸ್ತೆ ನಿಂತಿತ್ತಂತೆ. ಹಿಂದೆ ಮುಂದೆ ಬಸ್ಸುಗಳ ಸಾಲು. ನಮ್ಮ ಮಾಲಕರು ಡಬ್ಬಿ ಹಿಡಿದು ಕೆಳಗಿಳಿದರಂತೆ. ಚೆಲ್ಲಿದ ಕಬ್ಬು ಎತ್ತಿ ಹೇರುತ್ತಿದ್ದ ಕಬ್ಬು ಕಡಿಯುವ ಹೆಣ್ಣುಮಕ್ಕಳಿಗೆ, ಅವರ ಬಗಲಿನ ಕೂಸುಗಳಿಗೆ, ಬೇರೆ ಬಸ್ಸಿನವರಿಗೆ, ಎಲ್ಲರಿಗೂ. ನನಗೆ ಇಷ್ಟಕ್ಕೂ ಎಚ್ಚರವಾಗಲಿಲ್ಲ. ಸೋಲಾಪುರ ಬಂತು ಏಳಬೇ ಅಂದಾಗಲೇ ಎದ್ದದ್ದು.

ಬೀಗರ ಮನೆಯಲ್ಲಿ ಕೈಕಾಲು ತೊಳೆದವಳೇ ಕೂಸನ್ನು ಎತ್ತಿಕೊಂಡೆ. ನನ್ನ ಮೂಗು ಹಿಡಿದು ಜಗ್ಗಿತು. ಕೈಯಲ್ಲಿ ಏನು ಶಕ್ತಿ ಅಂತೀರಿ. ಮನೆತುಂಬ ರೊಟ್ಟಿಯ ವಾಸನೆ, ಗೋಡೆಗುಂಟ ಬುಟ್ಟಿಗಳಲ್ಲಿ ಖಡಕ್ ರೊಟ್ಟಿ ಒಟ್ಟಿದ್ದವು. ಬೀಗತಿ ಚಹಾ ಕೊಟ್ಟು ಎದುರಿಗೆ ಕೂತರು.

"ತೋರಸ್ರಿ ಮತ್ತ, ನಿಮ್ಮ ಮುಳ್ಳು."

ನಾನು ಡಬ್ಬಿ ತೆಗೆದುಕೊಂಡೆ. ಹಗುರವಾಗಿತ್ತು. ಮುಚ್ಚಳ ತೆರೆದರೆ ತಳದಲ್ಲಿ ಸಕ್ಕರೆಯ ಪುಡಿ, ಮತ್ತೇನೂ ಇಲ್ಲ.

"ಏನ್ರೀ," ಅಂದೆ ಮಾಲಕರಿಗೆ, "ಎಲ್ಲಿ ಹೋದ್ವು?"

"ಹಂಚಿದೆ."

"ಹಂಚೂ ಡಬ್ಬಿ ಚೀಲದಾಗ ಅದ. ಇದು ಕೂಸಿಂದು."

ಅವರು ಒಮ್ಮೆ ಡಬ್ಬಿ ನೋಡಿದರು, ಒಮ್ಮೆ ಚೀಲ ನೋಡಿದರು. "ಎರಡೂ ಒಂದ ನಮೂನಿ ಇದ್ರ ನಾ ಏನ ಮಾಡ್ಲಿ? ಕೂಸಿನ ಸುದ್ದಿ ಹೇಳಿ ಬಾಯಿ ಸಿಹಿ ಮಾಡದ ಹೆಂಗ ಕೂಡ್ಲಿ?" ಅಂದರು. ತಲೆಯ ಪಟಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಹೊಲದಲ್ಲಿ ಹಾವು ಕಂಡರೂ ಹೆದರದ ಮನುಷ್ಯ.

ಬೀಗತಿ ಬಾಯಿಗೆ ಸೆರಗು ಹಿಡಿದು ನಕ್ಕದ್ದೇ ನಕ್ಕದ್ದು. "ಬೀಗರು ಬರೂಮುಂದ ಬಸ್ಸಿಗೇ ಕರಿ ಎರದು ಬಂದಾರ ನೋಡ್ರಿ," ಅಂದರು. ಸೊಸೆಯೂ ಮುಖ ತಿರುಗಿಸಿಕೊಂಡು ನಕ್ಕಳು. ನಾನು ನಗಲಿಲ್ಲ. ಬೆರಳ ಕೆಂಪು ಇನ್ನೂ ಹೋಗಿರಲಿಲ್ಲ.

"ಬೇಜಾರ ಮಾಡ್ಕೋಬ್ಯಾಡ್ರಿ," ಅಂದರು ಬೀಗತಿ, ನಗು ನಿಂತ ಮೇಲೆ. "ನಾಳಿ ಅಂಗಡಿಂದ ತರಸ್ತೇನಿ. ಕೂಸು ಚೆಂದ ಕಂಡ್ರ ಆತಲ್ಲ."

"ನಾಡದ ಸಂಜೀಕ ಅದಲ್ರಿ ಕರಿ ಎರೆಯೂದು?"

"ಹೌದ್ರಿ."

"ಹಂಗಾದ್ರ ಅಲ್ಲೀತನಕ ತಡೀರಿ. ಅಂಗಡಿ ಮಾತ ತಗೀಬ್ಯಾಡ್ರಿ."

ಹೇಗೆ ಮಾಡುತ್ತೇನೆ ಅಂತ ನನಗೂ ಗೊತ್ತಿರಲಿಲ್ಲ. ಒಂದು ದಿನದಲ್ಲಿ ಕುಸುರೆಳ್ಳಿಗೆ ಮುಳ್ಳು ಬರುವುದಿಲ್ಲ, ಅದನ್ನು ಯಾರ ಮುಂದೂ ಹೇಳಬೇಕಾಗಿಲ್ಲ. ಆದರೆ ಬಾಯಿಂದ ಬಂದ ಮಾತನ್ನು ನಾನು ತಿರುಗಿ ನುಂಗುವವಳಲ್ಲ.

ಮರುದಿನ ಸಂಕ್ರಾಂತಿ. ಸೋಲಾಪುರದ ಸಂಕ್ರಾಂತಿಯನ್ನು ಕಣ್ಣಲ್ಲಿ ನೋಡಬೇಕು. ಅವತ್ತು ಅಲ್ಲಿ ಊರ ದೇವರ ಲಗ್ನದ ಜಾತ್ರೆ. ಬಿಳಿ ಧೋತರ, ಕಸಿ ಕಟ್ಟುವ ಬಿಳಿ ಬಾರಾಬಂದಿ ಅಂಗಿ ತೊಟ್ಟ ಗಂಡಸರು ಓಣಿ ಓಣಿಯಿಂದ ಹೊರಬೀಳುತ್ತಾರೆ. ಬಜಾರವೆಲ್ಲ ಅರಳಿದ ಹತ್ತಿಯ ಹೊಲದ ಹಾಗೆ ಬೆಳ್ಳಗೆ. ಮಾಳಿಗೆಗಿಂತ ಎತ್ತರದ ನಂದಿಕೋಲುಗಳನ್ನು ನಡುವಿಗೆ ಕಟ್ಟಿಕೊಂಡು, ಒಬ್ಬೊಬ್ಬರೇ ಎತ್ತಿ ನಡೆಸುತ್ತಾರೆ. ಮೇಲೆ ಕೋಲು ತೂಗುತ್ತದೆ, ಕೆಳಗೆ ಹೊತ್ತವನ ಕುತ್ತಿಗೆಯ ನರ ಹಗ್ಗದಂತೆ ಎದ್ದಿರುತ್ತವೆ, ಸುತ್ತಲಿನವರ ಉಸಿರು ನಿಂತಿರುತ್ತದೆ. ಹೆಣ್ಣುಮಕ್ಕಳು ದಾರಿಗುಂಟ ರಂಗೋಲಿ ಹಾಕಿದ್ದರು. ಹಲಗಿ, ಬ್ಯಾಂಡು, ಶಂಖ. ಒಬ್ಬರು ಕನ್ನಡದಲ್ಲಿ ಕೇಳಿದರೆ ಇನ್ನೊಬ್ಬರು ಮರಾಠಿಯಲ್ಲಿ ಉತ್ತರ ಕೊಡುತ್ತಾರೆ, ಮೂರನೆಯವರು ತೆಲುಗಿನಲ್ಲಿ ನಗುತ್ತಾರೆ. ಯಾರಿಗೂ ತೊಡಕಿಲ್ಲ. ನಾನು ಸಣ್ಣವಳಿದ್ದಾಗಿನಿಂದ ಈ ಊರಿನ ಚಾದರ ಹೊದ್ದು ಮಲಗಿದವಳು. ಊರನ್ನು ಹೀಗೆ ಎಚ್ಚರವಾಗಿ ನೋಡಿದ್ದು ಅವತ್ತೇ.

ಓಣಿಯ ಮೂಲೆಯಲ್ಲಿ ಕನ್ನಡಕ ಹಾಕಿದ ಒಬ್ಬ ಮುದುಕಿ ನನ್ನ ಕೈ ಹಿಡಿದು, "ತೀಳಗೂಳ ಘ್ಯಾ, ಗೋಡ ಬೋಲಾ" ಅಂದರು. ನಾವು ಎಳ್ಳು-ಬೆಲ್ಲ ತಗೊಂಡು ಒಳ್ಳೆಯವರಾಗಿರೂಣ ಅಂದ ಹಾಗೆ. ಅಂಗೈಯಲ್ಲಿ ನಾಲ್ಕು ಕಾಳು ಬಿದ್ದವು, ಗುಲಾಬಿ ಬಣ್ಣದವು. ಬಾಯಿಗೆ ಹಾಕಿಕೊಳ್ಳಬೇಕೆಂದವಳು ಬಿಸಿಲಿಗೆ ಹಿಡಿದು ನೋಡಿದೆ. ಮುಳ್ಳು. ಮನೆಯಲ್ಲಿ, ಚಳಿಯಲ್ಲಿ, ಕೈಯಿಂದ ಮಾಡಿದ ಮುಳ್ಳು. ಆ ಮುದುಕಿಯ ಬೆರಳು ನೋಡಿದೆ. ತುದಿ ಕೆಂಪಗಿದ್ದವು, ನನ್ನವುಗಳ ಹಾಗೆ.

ನಾನು ಕಾಳು ತಿನ್ನಲಿಲ್ಲ. ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿದೆ. ಕೈಚೀಲದ ಡಬ್ಬಿಯಿಂದ ನಮ್ಮ ಎಳ್ಳು-ಬೆಲ್ಲ ಒಂದು ಹಿಡಿ ತೆಗೆದು ಅವರ ಕೈಗಿಟ್ಟೆ.

"ಏನ್ರೀ," ಅಂದೆ ಮಾಲಕರಿಗೆ. ಅವರು ನಿನ್ನೆಯಿಂದ ಬಾಯಿ ಹೊಲಿದವರ ಹಾಗೆ ಹಿಂದೆ ಹಿಂದೆ ಬರುತ್ತಿದ್ದರು. "ಬಸ್ಸಿನ್ಯಾಗ ಹೆಂಗ ಸುದ್ದಿ ಹೇಳಿದ್ರಿ, ಹಂಗ ಇಲ್ಲಿ ಹೇಳ್ರಿ. ಇಲ್ಲಿ ಮನೀಗೊಬ್ಬಾಕಿ ಕುಸುರೆಳ್ಳ ಮಾಡಿರ್ತಾಳ."

"ಹಂಚಬೇಕೇನ?" ಅಂದರು, ಹೆದರಿಕೊಂಡು.

"ನೀವು ಹಂಚಬ್ಯಾಡ್ರಿ. ಹೇಳ್ರಿ ಅಷ್ಟ. ಹಂಚೂದು ನನ್ನ ಕಡೆ ಇರ್ಲಿ."

ಆ ಮನುಷ್ಯನಿಗೆ ಅಷ್ಟು ಹೇಳಿದ್ದೇ ಸಾಕಾಯಿತು. ಪಟಕ ಸರಿಮಾಡಿಕೊಂಡು ಗದ್ದಲದ ನಡುವೆ ಹೋಗಿ ನಿಂತರು. ಗಡಿಯಲ್ಲಿರುವ ಊರು ನಮ್ಮದು, ಮರಾಠಿ ಬಾಯಲ್ಲಿ ಓಡಾಡುತ್ತದೆ. "ಮಲಾ ನಾತ ಝಾಲಿ" ಅಂತ ಒಬ್ಬರಿಗೆ, ಮೊಮ್ಮಗಳು ಬಂದಾಳ್ರಿ ಅಂತ ಇನ್ನೊಬ್ಬರಿಗೆ. "ಮೊದಲ ಸಂಕ್ರಾಂತಿ ಅದ. ಅಕೀ ಆಭರಣಕ್ಕ ಊರ ಮಂದೀ ಎಳ್ಳು ಬೇಕಾಗ್ಯಾವ್ರಿ. ಮುಳ್ಳಿನವು ಇದ್ರ ಕೊಡ್ರಿ. ನುಣ್ಣನವು ನೀವ ತಿನ್ರಿ."

"ಮುಳ್ಳಿನವ ಯಾಕ್ರಿ ಅಜ್ಜಾ?" ಅಂದಳು ಒಬ್ಬ ಸೊಸೆಮಗಳು.

"ಅದು ನನಗೇನ ಗೊತ್ತವಾ, ಇಕೀ ಕೇಳು," ಅಂತ ನನ್ನ ಕಡೆ ಕೈ ತೋರಿಸಿದರು.

ನಾನು ಹೇಳಿದೆ. ಕುಸುರೆಳ್ಳಿಗೆ ಸೂಜಿ ಚುಚ್ಚಿದರೆ ಒಡೆಯುತ್ತದೆ. ದಾರದ ಕುಣಿಕೆ ಹಾಕಿ ಬಿಗಿಯಬೇಕು. ಮುಳ್ಳಿದ್ದರೆ ದಾರ ಕಚ್ಚಿಕೊಂಡು ನಿಲ್ಲುತ್ತದೆ, ನುಣುಪಾದರೆ ಜಾರಿಬಿಡುತ್ತದೆ. ಆಕೆ ತನ್ನ ಡಬ್ಬಿಯಲ್ಲಿ ಬೆರಳಾಡಿಸಿ, ಮುಳ್ಳಿನವನ್ನೇ ಆರಿಸಿ ಕೊಟ್ಟಳು. ಆಮೇಲೆ ಆಕೆಯೇ ಪಕ್ಕದವಳಿಗೆ ಹೇಳಿದಳು. ಹೇಳಿಕೆ ನಮ್ಮ ಮುಂದೆ ಮುಂದೆ ನಡೆಯಿತು. ನಾವು ಹೋಗುವುದರೊಳಗೆ ಕಟ್ಟೆಯ ಮೇಲೆ ಕೂತವರು ಡಬ್ಬಿ ತೆರೆದು ಕಾಯುತ್ತಿದ್ದರು. ನೇಕಾರರ ಓಣಿಯ ತೆಲುಗಿನ ಹೆಣ್ಣುಮಗಳು ಹಳದಿಯವು ಕೊಟ್ಟಳು. ಒಬ್ಬರು ಎಳ್ಳಿನ ಬದಲು ಲವಂಗದ ಮೇಲೆ ಸಕ್ಕರೆ ಏರಿಸಿದ್ದರು, ಇನ್ನೊಬ್ಬರು ಶಾಬುದಾನಿಯ ಮೇಲೆ. ನಂದಿಕೋಲು ಹೊತ್ತು ಸರದಿ ಮುಗಿಸಿ ಬಂದ ಒಬ್ಬ ಗಂಡಸು, ಬೆವರು ಒರೆಸಿಕೊಳ್ಳುತ್ತ, ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದ.

"ನನ್ನ ಮಗಳು ಕೊಟ್ಟದ್ರಿ ಅಮ್ಮಾ, ಶಕ್ತಿ ಬರ್ಲಿ ಅಂತ. ಅರ್ಧ ನಾ ತಿಂತೇನಿ, ಅರ್ಧ ನಿಮ್ಮ ಮೊಮ್ಮಗಳಿಗೆ ಒಯ್ರಿ."

ನಾನು ನಮ್ಮ ಬೆಲ್ಲ ಕೊಟ್ಟೆ. ನಮ್ಮ ಹೊಲದ ಕಬ್ಬಿನದೇ, ಗಾಣದಲ್ಲಿ ಮಾಡಿಸಿದ್ದು ಅಂತ ಹೇಳಿ ಕೊಟ್ಟೆ. ಕೊಟ್ಟು ತೆಗೆದುಕೊಂಡದ್ದು, ಬೇಡಿದ್ದಲ್ಲ. ನನ್ನ ಡಬ್ಬಿ ಇಳಿಯುತ್ತ ಹೋಯಿತು, ಸೆರಗು ಭಾರವಾಗುತ್ತ ಬಂತು. ಮಧ್ಯಾಹ್ನ ದೇವರ ಲಗ್ನದ ಹೊತ್ತಿಗೆ ಅಷ್ಟೂ ಜನ ಒಟ್ಟಿಗೆ ಅಕ್ಷತೆ ಎಸೆದರು. ಒಂದಿಷ್ಟು ಅಕ್ಕಿಕಾಳು ನನ್ನ ತಲೆಯ ಮೇಲೆ, ಸೆರಗಿನ ಮೇಲೆ ಬಿದ್ದವು. ಝಾಡಿಸಲಿಲ್ಲ. ನನ್ನ ಲಗ್ನದಲ್ಲಿ ಇಷ್ಟು ಮಂದಿ ಬಂದಿರಲಿಲ್ಲ ಅಂದೆ ಮಾಲಕರಿಗೆ. "ಅವಾಗ ಹೇಳಾಕ ನನಗ ಬಾಯಿ ಇರ್ಲಿಲ್ಲ," ಅಂದರು.

ಸಂಕ್ರಾಂತಿಯ ಮರುದಿನ, ಕರಿಯ ದಿನ ಬೆಳಿಗ್ಗೆ ಬೀಗರ ಪಡಸಾಲೆಯಲ್ಲಿ ಬಿಳಿ ಬಟ್ಟೆ ಹಾಸಿ ಸೆರಗು ಬಿಚ್ಚಿದೆ. ಬಿಳಿ, ಗುಲಾಬಿ, ಹಳದಿ, ಕೇಸರಿ, ಗಿಣಿಹಸಿರು. ಬೀಗತಿ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಇವನ್ನೆಲ್ಲಾ ಎಲ್ಲಿಂದ ತಂದ್ರಿ?"

"ನಿಮ್ಮ ಊರಿಂದ."

ಕೂತು ಒಂದೊಂದೇ ಕಾಳನ್ನು ಉಗುರಿನಿಂದ ಮುಟ್ಟಿ ನೋಡಿದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರು ಅಷ್ಟು ನೋಡುವುದಿಲ್ಲ. ನೋಡುತ್ತ ನೋಡುತ್ತ, "ಈ ಗುಲಾಬಿದು ಮೂಲಿ ಮನೀ ಅಜ್ಜೀದು. ಇದು ಹಿಂದಿನ ಓಣಿದು, ಅಕೀ ಜೋಡಿ ನಾ ಮಾತು ಬಿಟ್ಟು ವರ್ಷಾತು" ಅಂದರು. ಆ ಕಾಳನ್ನು ಸ್ವಲ್ಪ ಹೊತ್ತು ಬೆರಳಲ್ಲೇ ಹಿಡಿದಿದ್ದರು. ಆಮೇಲೆ ಕೈ ತೊಳೆದು ಬಂದು, "ದಾರ ಕೊಡ್ರಿ ಇಲ್ಲಿ. ಕಿರೀಟ ನಾ ಕಟ್ತೇನಿ, ನಿಮ್ಮ ಕಣ್ಣಿಗೆ ಅದು ಆಗಂಗಿಲ್ಲ" ಅಂದರು.

"ನನ್ನ ಕಣ್ಣಿಗೇನಾಗ್ಯಾದ್ರಿ? ನೀವು ಕಟ್ಟಿದ ಗಂಟು ಇಲ್ಲಿಂದ ಕಾಣಾಕತ್ತಾವ, ಸಡ್ಲ ಅವ."

"ಸಡ್ಲ ಇದ್ರ ಜಗ್ಗಿ ನೋಡ್ರಿ."

ಜಗ್ಗಿ ನೋಡಿದೆ. ಬಿಗಿಯಾಗಿದ್ದವು. ಅದನ್ನು ನಾನು ಹೇಳಲಿಲ್ಲ, ಅವರಿಗೆ ತಿಳಿಯಿತು.

ಸೊಸೆ ಕೂಸನ್ನು ತಂದು ನಡುವೆ ಮಲಗಿಸಿದಳು. ದಾರವನ್ನು ಎದೆಗೆ, ನಡುವಿಗೆ, ತಲೆಗೆ ಸುತ್ತಿ ಅಳತೆ ತೆಗೆದೆವು. ಅದಕ್ಕೆ ಕಚಗುಳಿಯಾಗಿ ಕೇಕೆ ಹಾಕಿತು. ಹಾರವಾಯಿತು, ತೋಳಬಂದಿಯಾಯಿತು, ಕಾಲ್ಗಡಗ, ಉಡಿದಾರ ಆದವು. ಮಾಲಕರು ಬಾಗಿಲಲ್ಲಿ ಕೂತು ಬಣ್ಣ ಬಣ್ಣದ ಕಾಳುಗಳನ್ನು ಬೇರೆ ಬೇರೆ ಮಾಡಿ ಕೊಡುತ್ತಿದ್ದರು. ಒಂದನ್ನೂ ಯಾರಿಗೂ ಹಂಚಲಿಲ್ಲ.

ಎಲ್ಲ ಮುಗಿಯುತ್ತ ಬಂದಾಗ ಹಾರದ ನಟ್ಟನಡುವೆ ಪದಕದ ಜಾಗ ಖಾಲಿ ಉಳಿದಿತ್ತು. ನಾನೇ ಖಾಲಿ ಬಿಟ್ಟದ್ದು. ಊರಿನವರ ಕಾಳು ಅದಕ್ಕೂ ಸಾಕಾಗುತ್ತಿದ್ದವು. ಆದರೆ ಅವಳ ಅಜ್ಜಿ ಮಾಡಿದ ಒಂದು ಕಾಳಾದರೂ ಅವಳ ಎದೆಯ ಮೇಲೆ ಇರಬೇಕಿತ್ತು. ಖಾಲಿ ಡಬ್ಬಿಯನ್ನು ಮತ್ತೆ ಬೋರಲು ಹಾಕಿ ತಟ್ಟಿದೆ. ಬಿದ್ದದ್ದು ಪುಡಿಯೇ.

"ಹಚ್ಚಿಬಿಡ್ರಿ ಯಾವದರ," ಅಂದರು ಬೀಗತಿ. "ಮಂದಿ ಬರೂ ಹೊತ್ತಾತು."

"ಹಚ್ತೇನಿ ತಡೀರಿ," ಅಂದೆ. ಅಂದೆನೇ ಹೊರತು ಕೈ ಮುಂದೆ ಹೋಗಲಿಲ್ಲ.

ಆಗ ಬಾಗಿಲಲ್ಲಿ ಯಾರೋ, "ಕಾಕಾ, ಇದಾ ಮನಿ ಏನ್ರಿ?" ಅಂದರು. ಬಸ್ಸಿನಲ್ಲಿ ಮಾಲಕರ ಪಕ್ಕ ಕೂತಿದ್ದ ಆಳಂದದ ಹೆಣ್ಣುಮಗಳು. ಮಾಲಕರು ಬಸ್ಸಿನಲ್ಲಿ ಬರೀ ಕೂಸಿನ ಸುದ್ದಿ ಹೇಳಿರಲಿಲ್ಲ, ಬೀಗರ ಓಣಿ, ಮನೆಯ ಬಣ್ಣ, ರೊಟ್ಟಿಯ ವ್ಯಾಪಾರ ಎಲ್ಲ ಹೇಳಿಬಿಟ್ಟಿದ್ದರು. ಆಕೆಯ ಅಕ್ಕನ ಮನೆ ಎರಡು ಓಣಿ ಆಚೆ. ಅಲ್ಲಿ ಸಂಕ್ರಾಂತಿಯ ದಿನ ಯಾರೋ ಬಂದು, ಮಣ್ಣೂರಿನ ಅಜ್ಜ ಮೊಮ್ಮಗಳ ಆಭರಣಕ್ಕೆ ಊರೆಲ್ಲ ಎಳ್ಳು ಕೂಡಿಸುತ್ತಿದ್ದಾನೆ ಅಂದರಂತೆ.

"ನಾ ಅವಾಗ ತಿಳಕೊಂಡೆ ಯವ್ವಾ," ಅಂದಳು ನನಗೆ. "ಕಾಕಾ ಕೊಟ್ಟದ್ದು ಹಂಚೂದಲ್ಲ, ಕೂಸಿಂದು ಅಂತ. ನಾ ತಿಂದಿದ್ದಿಲ್ಲ. ಅಕ್ಕನ ಮಕ್ಕಳಿಗೆ ಅಂತ ಇಟ್ಟಿದ್ದೆ. ಹಂಗ ಅವ ನೋಡ್ರಿ."

ದುಪಟ್ಟಾದ ತುದಿಯ ಗಂಟು ಬಿಚ್ಚಿದಳು. ಒಂದು ಚಿಟಿಕೆ ಕುಸುರೆಳ್ಳು. ಬೆಳ್ಳಗೆ, ಮೈತುಂಬ ಮುಳ್ಳು. ನನ್ನ ಕೈಯವು. ಮಕ್ಕಳನ್ನು ಜಾತ್ರೆಯಲ್ಲಿ ಕಳೆದುಕೊಂಡು ಸಿಕ್ಕಾಗ ತಾಯಿ ಹೇಗೆ ನೋಡುತ್ತಾಳೋ ಹಾಗೆ ನೋಡಿದೆ. ಬೀಗತಿ ಕೈ ಚಾಚಿ ಒಂದು ಕಾಳು ತೆಗೆದುಕೊಂಡರು. ಉಗುರಿನಿಂದ ಮುಟ್ಟಿದರು. ಕಿಡಕಿಯ ಬೆಳಕಿಗೆ ಹಿಡಿದರು.

"ಮುಂದಿನ ಚಳಿಗಾಲದಾಗ ನಾ ಮಣ್ಣೂರಿಗೆ ಬರ್ತೇನ್ರಿ ಬೀಗತ್ಯಾರ," ಅಂದರು ಕೊನೆಗೆ. "ಕಲಸ್ರಿ ನನಗ."

"ಮೊದಲ ಆ ಕಾಳು ಕೊಡ್ರಿ ಇಲ್ಲಿ," ಅಂದು ನಾನು ಪದಕ ಕಟ್ಟಿದೆ.

ಸಂಜೆ ಓಣಿಯ ಮಂದಿಯೆಲ್ಲ ಬಂದರು. ಅಲ್ಲಿಯವರು ಇದಕ್ಕೆ ಬೋರನಹಾಣ ಅನ್ನುತ್ತಾರೆ. ಹಿಂದಿನ ದಿನ ಎಳ್ಳು ಕೊಟ್ಟವರು ತಮ್ಮ ಕಾಳು ಎಲ್ಲಿ ಕೂತಿದೆ ನೋಡಲು ಬಂದದ್ದು. ಮೂಲೆ ಮನೆಯ ಕನ್ನಡಕದ ಮುದುಕಿ ತಮ್ಮ ಗುಲಾಬಿಯನ್ನು ಕಿರೀಟದಲ್ಲಿ ಗುರುತು ಹಿಡಿದರು. ಹಿಂದಿನ ಓಣಿಯವಳು ಹೊಸ್ತಿಲ ಹೊರಗೇ ನಿಂತಿದ್ದಳು. ಬೀಗತಿ ಹೋಗಿ, "ಬಾ ಬೇ ಒಳಗ, ನಿನ್ನ ಎಳ್ಳು ಉಡಿದಾರದಾಗ ಅದಾವ" ಅಂತ ಕೈ ಹಿಡಿದು ಕರೆತಂದರು. ಕೂಸನ್ನು ಕರಿ ಅಂಗಿಯಲ್ಲಿ ಮಣೆಯ ಮೇಲೆ ಸೊಸೆಯ ತೊಡೆಯಲ್ಲಿ ಕೂಡಿಸಿ, ಆಭರಣ ತೊಡಿಸಿದೆವು. ಕರಿ ಅರಿವೆಯ ಮೇಲೆ ಆ ಬಣ್ಣಗಳು ಎದ್ದು ಕಂಡವು. ನಾನೂ ಬೀಗತಿಯೂ ಸೇರು ಹಿಡಿದು ಬೋರೆಹಣ್ಣು, ಕಬ್ಬು, ಚುರುಮುರಿ ಸುರಿದೆವು. ಓಣಿಯ ಮಕ್ಕಳು ಮುಗಿಬಿದ್ದು ಆರಿಸಿಕೊಂಡವು. ನಮ್ಮ ಮೊಮ್ಮಗಳು ಅತ್ತಳೇನು? ಇಲ್ಲ. ಒಮ್ಮೆ ಎಲ್ಲರನ್ನೂ ನೋಡಿದಳು, ಹಾರದ ಪದಕವನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ಬಾಯಲ್ಲಿ ಚೀಪಿದಳು. ಜೊಲ್ಲು ಇಳಿಯಿತು. ನನ್ನ ಮುಳ್ಳು ಅಲ್ಲೇ ಕರಗಿದವು. ಅದಕ್ಕೇ ಮಾಡಿದ್ದಲ್ಲವೇ.

ಕರಿ ಎರೆದ ಮೇಲೆ ಕುಸುರೆಳ್ಳಿನ ಆಭರಣವನ್ನು ಇಟ್ಟುಕೊಳ್ಳುವುದಿಲ್ಲ, ಬಿಚ್ಚಿ ಹಂಚಬೇಕು. ಬೀಗತಿಗೆ ಮನಸ್ಸಿರಲಿಲ್ಲ. ಕಪಾಟಿನ ಗಾಜಿನ ಹಿಂದೆ ಇಡುತ್ತೇನೆ ಅಂದರು. ಇರುವೆ ಬರುತ್ತವೆ ಅಂದೆ. ಕಿರೀಟ ಮಾತ್ರ ಒಂದು ದಿನ ಇರಲಿ ಅಂದರು. ಉಳಿದದ್ದನ್ನು ಬಿಚ್ಚಿ ಬಂದವರ ಕೈಗೆಲ್ಲ ಹಾಕಿದೆವು. ಆದರೂ ಒಂದಿಷ್ಟು ಉಳಿಯಿತು. ಅದನ್ನು ಅದೇ ಡಾಲ್ಡಾ ಡಬ್ಬಿಗೆ ತುಂಬಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅದೇ ಕಂಡಕ್ಟರ್. ನಮ್ಮನ್ನು ನೋಡಿದವನೇ ನಕ್ಕ.

"ಅಜ್ಜಾ, ಎಳ್ಳು ಉಳದಾವೇನ್ರಿ ಇನ್ನ?"

ಡಬ್ಬಿ ನನ್ನ ತೊಡೆಯ ಮೇಲಿತ್ತು. ಮಾಲಕರು ನನ್ನ ಮುಖ ನೋಡಿದರು, ಕೇಳದೆ ಕೊಡುವುದಿಲ್ಲ ಅನ್ನುವ ಹಾಗೆ. ಬಸ್ಸು ಇನ್ನೂ ಸ್ಟ್ಯಾಂಡ್ ಬಿಟ್ಟಿರಲಿಲ್ಲ, ಸೀಟೆಲ್ಲ ತುಂಬಿದ್ದವು. ನಾನು ಎದ್ದು ನಿಂತೆ. ಒಂದು ಕೈಯಲ್ಲಿ ಮೇಲಿನ ಸಳಿ ಹಿಡಿದೆ, ಇನ್ನೊಂದರಲ್ಲಿ ಡಬ್ಬಿ.

"ಹೇಳ್ರಿ ನೀವು," ಅಂದೆ. "ಗಟ್ಟಿಯಾಗಿ ಹೇಳ್ರಿ, ಹಿಂದಿನವರಿಗೂ ಕೇಳ್ಲಿ. ನಾ ಹಂಚ್ತೇನಿ."